ರಾಜೀನಾಮೆ ಬರೆದುಕೊಡಿ ಅಂದರೆ ಪೆನ್ನು ಎತ್ತಬೇಡಿ

2022ರ ನವೆಂಬರ್ 18, ಶುಕ್ರವಾರ, ಸಂಜೆ ನಾಲ್ಕು ಗಂಟೆ. ಎರಡನೇ ಪಾಳಿಯ ಹಾಜರಿ ತೆಗೆದು ಚಹಾ ಕುಡಿಯುತ್ತ ಕೂತಿದ್ದೆ. ಕ್ಯಾಬಿನ್‌ಗೆ ಬನ್ನಿ ಅಂತ ಕರೆ ಬಂತು. ಎಚ್.ಆರ್. ಸಾಹೇಬರು ಒಂದು ಹಾಳೆಯನ್ನು ನನ್ನ ಕಡೆ ಸರಿಸಿದರು.

“ಅಕ್ಕಾರ, ಏನೂ ತಪ್ಪ ತಿಳ್ಕೋಬ್ಯಾಡ್ರಿ. ಹತ್ತ ನಿಮಿಷದ ಕೆಲಸ. ಒಂದ್ ಸಹಿ ಹಾಕ್ರಿ, ಸೋಮವಾರ ಚೆಕ್ ರೆಡಿ ಇರ್ತದ.”

ಹಾಳೆಯಲ್ಲಿ ನಾಲ್ಕೇ ಸಾಲು. ಎರಡನೇ ಸಾಲಿನಲ್ಲಿ ‘ವಯಕ್ತಿಕ ಕಾರಣಗಳಿಂದ’ ಅಂತ ಇತ್ತು. ‘ವೈಯಕ್ತಿಕ’ ಅಂತ ಇರಬೇಕಿತ್ತು. ಆ ತಪ್ಪು ನನ್ನದೇ. 2004ರಲ್ಲಿ ನುಡಿ ತಂತ್ರಾಂಶದಲ್ಲಿ ಆ ಪತ್ರ ಟೈಪ್ ಮಾಡಿ ಇಟ್ಟವಳು ನಾನು. ಕಾರ್ಮಿಕರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಕನ್ನಡದಲ್ಲೇ ಇರಲಿ ಅಂತ ಮಾಡಿದ್ದೆ. ಆಮೇಲೆ ಯಾರನ್ನು ಕಳಿಸಬೇಕಾದರೂ ಅದೇ ಫೈಲ್ ತೆರೆಯೋದು, ಹೆಸರು ಬದಲಿಸೋದು, ಪ್ರಿಂಟ್ ತೆಗೆಯೋದು. ಈ ಸಲ ಹೆಸರಿನ ಜಾಗದಲ್ಲಿ ನಾನೇ ಇದ್ದೆ.

ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯ ಟೈಮ್ ಆಫೀಸಿನಲ್ಲಿ 2000ರ ಏಪ್ರಿಲ್‌ನಿಂದ ಕ್ಲಾರ್ಕ್ ಆಗಿದ್ದೆ. ಮಸ್ಟರ್ ಅಂದರೆ ಹಾಜರಿ ಪುಸ್ತಕ ಬರೆಯೋದು, ಪಗಾರ ಶೀಟ್, ಪಿ.ಎಫ್. ಚಲನ್, ರಜೆ ಲೆಕ್ಕ, ಬಿಟ್ಟು ಹೋದವರ ಲೆಕ್ಕ ಚುಕ್ತಾ, ಎಲ್ಲ ನನ್ನದೇ ಟೇಬಲ್ಲು. ಹೊಸ ಮಷಿನ್ ಬಂತು, ಹೆಬ್ಬೆರಳು ಒತ್ತಿದರೆ ಹಾಜರಿ. ಪಗಾರದ ಕೆಲಸವನ್ನು ಹೊರಗಿನವರಿಗೆ ಕೊಟ್ಟರು. ಅಲ್ಲಿಗೆ ನಾನು ‘ಜಾಸ್ತಿ’ ಆದೆ. ಇಪ್ಪತ್ತೆರಡು ವರ್ಷ ಆಡಳಿತದವರ ಕಡೆ ಕೂತು ಇದೆಲ್ಲ ಹೇಗೆ ನಡೆಯುತ್ತೆ ಅಂತ ನೋಡಿದವಳು ನಾನು. ಹಾಗಾಗಿ ನಿಮ್ಮನ್ನು ಹೊರಗೆ ಕಳಿಸಲು ಹೊರಟಾಗ ಏನು ಮಾಡಬೇಕು ಅಂತ ಬರೆಯೋ ಹಕ್ಕು ನನಗೆ ಸ್ವಲ್ಪ ಇದೆ ಅನ್ಕೋತೀನಿ. ಋಣವೂ ಇದೆ. ಆ ನಾಲ್ಕು ಸಾಲಿಗೆ ಸಹಿ ಹಾಕಿದ ಎಷ್ಟೋ ಜನರಿಗೆ ಅದರ ಅರ್ಥ ನಾನು ಹೇಳಿರಲಿಲ್ಲ.

ಮೊದಲ ದಿನ

ಸಹಿ ಮಾಡಬೇಡಿ. ಜಗಳವನ್ನೂ ಮಾಡಬೇಡಿ. ಎರಡರಲ್ಲಿ ಒಂದನ್ನು ಮಾತ್ರ ಪಾಲಿಸಿದರೆ ಸಾಲದು. ಸಹಿ ಮಾಡದೆ ಟೇಬಲ್ ಬಡಿದು ಬೈದರೆ, ನಾಳೆ ಬೆಳಿಗ್ಗೆ ‘ದುರ್ನಡತೆ’ ಅಂತ ಇನ್ನೊಂದು ಹಾಳೆ ತಯಾರಾಗುತ್ತೆ.

ನಾನು ಹೇಳಿದ್ದು ಇಷ್ಟೇ: “ಸಾಹೇಬ್ರ, ಮನ್ಯಾಗ ಕೇಳಿ ಹೇಳ್ತೀನ್ರಿ. ಇದರ ಒಂದ್ ಝೆರಾಕ್ಸ್ ಕೊಡ್ರಿ.” ಝೆರಾಕ್ಸ್ ಕೊಡಲಿಲ್ಲ. ಕೊಡುವುದಿಲ್ಲ ಅಂತ ನನಗೂ ಗೊತ್ತಿತ್ತು. ಕೇಳಿದ್ದು ಯಾಕೆಂದರೆ, ಕೇಳಿದಾಗ ಹಾಳೆ ಅವರ ಕೈಗೆ ವಾಪಸ್ ಹೋಗುತ್ತೆ. ನಿಮ್ಮ ಮುಂದೆ ಪೆನ್ನು, ಹಾಳೆ ಎರಡೂ ಇದ್ದಷ್ಟು ಹೊತ್ತು ಕಷ್ಟ.

ಆಗ ಮೂರು ಹೆದರಿಕೆ ಹಾಕುತ್ತಾರೆ. ಎಲ್ಲ ಕಡೆ ಇದೇ ಮೂರು. ರಾಜೀನಾಮೆ ಕೊಡದಿದ್ದರೆ ಗ್ರಾಚ್ಯುಟಿ (ದುಡಿದ ವರ್ಷಗಳ ಲೆಕ್ಕದಲ್ಲಿ ಕೊನೆಗೆ ಸಿಗುವ ದುಡ್ಡು) ಸಿಗಲ್ಲ. ಪಿ.ಎಫ್. ತಡೆ ಹಿಡಿಯುತ್ತೇವೆ. ಎಕ್ಸ್‌ಪೀರಿಯನ್ಸ್ ಲೆಟರ್ ಕೊಡಲ್ಲ.

ಮೊದಲನೆಯದು ಸುಳ್ಳು. ಐದು ವರ್ಷ ಸತತ ಸೇವೆ ಆಗಿದ್ದರೆ ನೀವು ಬಿಟ್ಟರೂ, ಅವರು ತೆಗೆದರೂ ಗ್ರಾಚ್ಯುಟಿ ನಿಮ್ಮದೇ. ಅದನ್ನು ಕಿತ್ತುಕೊಳ್ಳಲು ಕಾನೂನಿನಲ್ಲಿ ಹೇಳಿರುವ ಕೆಲವೇ ಗಂಭೀರ ಕಾರಣ ಬೇಕು: ಕಂಪನಿಯ ಆಸ್ತಿಗೆ ಬೇಕಂತಲೇ ನಷ್ಟ ಮಾಡಿದ್ದು, ಹೊಡೆದಾಟ ಇಂಥವು. ಎರಡನೆಯದೂ ಸುಳ್ಳು. ಪಿ.ಎಫ್. ದುಡ್ಡು ಅವರ ತಿಜೋರಿಯಲ್ಲಿಲ್ಲ. ಮೂರನೆಯದರಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ಸತಾಯಿಸುತ್ತಾರೆ. ಆದರೆ ಒಂದು ಪತ್ರಕ್ಕಾಗಿ ಲಕ್ಷಗಟ್ಟಲೆ ಬಿಡೋದು ಯಾವ ಲೆಕ್ಕ?

ಹೊರಗೆ ಬಂದ ಮೇಲೆ ಸಿಟಿ ಬಸ್ಸಿನಲ್ಲೇ ಕೂತು ಟಿಕೆಟ್ ಹಿಂದೆ ಬರೆದುಕೊಂಡೆ. ಎಷ್ಟು ಹೊತ್ತಿಗೆ ಕರೆದರು, ಯಾರಿದ್ದರು, ಏನಂದರು. ಮನೆಗೆ ಬಂದು ಅದನ್ನೇ ಡೈರಿಗೆ ಇಳಿಸಿದೆ. ಮೂರು ತಿಂಗಳ ಮೇಲೆ ಕಾರ್ಮಿಕ ಅಧಿಕಾರಿ ಎದುರು ‘ಆ ದಿನ ಏನಾಯ್ತು’ ಅಂತ ಕೇಳಿದಾಗ ನನ್ನ ಕಡೆ ಗಂಟೆ ನಿಮಿಷ ಇತ್ತು. ಅವರ ಕಡೆ ಇರಲಿಲ್ಲ.

ಅಷ್ಟರಲ್ಲೇ ಸಹಿ ಮಾಡಿಬಿಟ್ಟಿದ್ದರೆ? ಅದೇ ದಿನ ಅಥವಾ ಮಾರನೇ ದಿನ ಬರಹದಲ್ಲಿ ಕೊಡಿ: ಒತ್ತಡದಿಂದ ಸಹಿ ಮಾಡಿಸಿಕೊಂಡಿದ್ದೀರಿ, ರಾಜೀನಾಮೆ ವಾಪಸ್ ಪಡೆಯುತ್ತಿದ್ದೇನೆ ಅಂತ. ಅವರು ಅದನ್ನು ಒಪ್ಪಿಕೊಂಡ ಆದೇಶ ಕೊಡುವ ಮೊದಲೇ ನಿಮ್ಮ ಪತ್ರ ತಲುಪಬೇಕು. ವಾರ ಬಿಟ್ಟು ಬರೆದರೆ ಯಾರೂ ನಂಬೋದಿಲ್ಲ.

ಒಂದು ಸಹಿಗೆ ಯಾಕಿಷ್ಟು ಗೋಗರೆಯುತ್ತಾರೆ

ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಕಾರ್ಖಾನೆಯಲ್ಲಿ ಕಾಯಂ ಇರುವ ಕೆಲಸಗಾರರನ್ನು ತೆಗೆಯಲು ಆಡಳಿತಕ್ಕೆ ಇರುವುದು ಎರಡು ದಾರಿ. ಒಂದು, ತಪ್ಪು ಮಾಡಿದ್ದಾರೆ ಅಂತ ಚಾರ್ಜ್‌ಶೀಟ್ ಕೊಟ್ಟು, ವಿಚಾರಣೆ ನಡೆಸಿ ತೆಗೆಯೋದು. ಎರಡು, ಕೆಲಸ ಇಲ್ಲ, ಜನ ಜಾಸ್ತಿ ಆಗಿದ್ದಾರೆ ಅಂತ ತೆಗೆಯೋದು. ಇದಕ್ಕೆ ಛಾಂಟಣಿ ಅನ್ನಿ, ರಿಟ್ರೆಂಚ್‌ಮೆಂಟ್ ಅನ್ನಿ. ಹಾಗೆ ತೆಗೆಯೋದಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ ಕೊಡಬೇಕು. ಸೇವೆ ಮಾಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ ಪರಿಹಾರ ಕೊಡಬೇಕು. ಸರ್ಕಾರಕ್ಕೂ ತಿಳಿಸಬೇಕು. ಅದೇ ವಿಭಾಗದಲ್ಲಿ ಕೊನೆಗೆ ಬಂದವರನ್ನು ಮೊದಲು ಕಳಿಸಬೇಕು. ಇಲ್ಲದಿದ್ದರೆ ಕಾರಣ ಬರೆದಿಡಬೇಕು. ನನ್ನ ಟೈಮ್ ಆಫೀಸಿನಲ್ಲಿ 2019ರಲ್ಲಿ ಸೇರಿದ ಹುಡುಗಿ ಇದ್ದಳು. ಅವಳನ್ನು ಉಳಿಸಿಕೊಂಡು ನನ್ನನ್ನು ಕಳಿಸುತ್ತಿದ್ದರು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಮಾತು ಮುಂದೆ ಬಹಳ ಕೆಲಸಕ್ಕೆ ಬಂತು.

ನೀವಾಗಿಯೇ ಬಿಟ್ಟರೆ ಇದ್ಯಾವುದೂ ಬೇಡ. ನೋಟಿಸ್ ಇಲ್ಲ, ಪರಿಹಾರ ಇಲ್ಲ, ಸರ್ಕಾರಕ್ಕೆ ಕಾಗದ ಇಲ್ಲ. ‘ವಯಕ್ತಿಕ ಕಾರಣ’ ಅನ್ನೋ ಎರಡು ಪದದ ಬೆಲೆ ನನ್ನ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿ. ಹೇಗೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ.

ಸಾಹೇಬರು ನನ್ನ ನೇಮಕಾತಿ ಪತ್ರವನ್ನೂ ತೋರಿಸಿದರು. ಅದರಲ್ಲಿ ‘ಯಾವುದೇ ಕಾರಣ ನೀಡದೆ, ಒಂದು ತಿಂಗಳ ನೋಟಿಸ್ ಕೊಟ್ಟು ಎರಡೂ ಕಡೆಯವರು ಸೇವೆ ಕೊನೆಗೊಳಿಸಬಹುದು’ ಅನ್ನೋ ಸಾಲಿದೆ. ನಿಮ್ಮದರಲ್ಲೂ ಇರುತ್ತೆ, ತೆಗೆದು ನೋಡಿ. ಆ ಸಾಲು ಕಾನೂನಿಗಿಂತ ದೊಡ್ಡದಲ್ಲ. ಕಾರ್ಮಿಕರ ವಿಷಯದಲ್ಲಿ ಕಾಯ್ದೆ ಏನು ಕೊಡು ಅನ್ನುತ್ತೋ ಅದನ್ನು ಪತ್ರದ ಒಂದು ಸಾಲು ತಪ್ಪಿಸಲಾರದು.

ಅಮೆರಿಕದಲ್ಲಿ ಮಾತ್ರ ಆ ಸಾಲಿನದೇ ರಾಜ್ಯ. ನಮ್ಮಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಫೋನಿನಲ್ಲಿ ನನ್ನ ಕಥೆ ಕೇಳಿ ನಕ್ಕ. “ಮಾವಶಿ, ಇಲ್ಲಿ ಅಟ್-ವಿಲ್ ಅಂತಾರ. ಮುಂಜಾನೆ ಲಾಗಿನ್ ಆಗಲಿಲ್ಲಂದ್ರ ನೌಕರಿ ಹೋಗೇದ ಅಂತ ತಿಳ್ಕೋಬೇಕು,” ಅಂದ. ಅಲ್ಲಿ ಮಾಲಕ ಕಾರಣವನ್ನೂ ಕೊಡಬೇಕಿಲ್ಲ, ನೋಟಿಸನ್ನೂ ಕೊಡಬೇಕಿಲ್ಲ. ಜನಾಂಗ, ಲಿಂಗ, ಧರ್ಮ, ವಯಸ್ಸು ನೋಡಿ ತೆಗೆಯೋ ಹಾಗಿಲ್ಲ ಅನ್ನೋ ಥರದ ಕೆಲವು ತಡೆಗಳಿವೆ. ಮೊಂಟಾನಾ ಅನ್ನೋ ಒಂದು ರಾಜ್ಯದಲ್ಲಿ ಮಾತ್ರ, ಪ್ರೊಬೇಷನ್ ಮುಗಿದ ಮೇಲೆ ಸರಿಯಾದ ಕಾರಣ ಇಲ್ಲದೆ ತೆಗೆಯೋ ಹಾಗಿಲ್ಲ ಅಂತ 1987ರಿಂದ ಕಾಯ್ದೆ ಇದೆ. ಆದರೆ ಅವನು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವನ ಆಫೀಸಿನಲ್ಲಿ 52 ವರ್ಷದವರೊಬ್ಬರನ್ನು ತೆಗೆದರು. ದುಡ್ಡು ಕೊಟ್ಟು, ವಯಸ್ಸಿನ ತಾರತಮ್ಯದ ಕೇಸ್ ಹಾಕಲ್ಲ ಅಂತ ಸಹಿ ಕೇಳಿದರು. 40 ದಾಟಿದವರ ಹತ್ತಿರ ಅಂಥ ಸಹಿ ಬೇಕಾದರೆ, ಯೋಚನೆ ಮಾಡಲು ಕಡಿಮೆ ಅಂದರೂ 21 ದಿನ ಕೊಡಬೇಕಂತೆ. ಸಹಿ ಮಾಡಿದ ಮೇಲೂ ಮನಸ್ಸು ಬದಲಿಸಲು 7 ದಿನ ಇರುತ್ತಂತೆ.

ಅಷ್ಟು ಕಟುಕ ಊರಿನಲ್ಲೇ 21 ದಿನ. ಉದ್ಯಮಬಾಗದಲ್ಲಿ ನನಗೆ ಹತ್ತು ನಿಮಿಷ.

ನೀವು ‘ಕಾರ್ಮಿಕ’ರಾ, ಅಲ್ವಾ?

ಮೇಲೆ ಹೇಳಿದ್ದೆಲ್ಲ ಕಾನೂನಿನ ಕಣ್ಣಿನಲ್ಲಿ ‘ಕಾರ್ಮಿಕ’ ಅನಿಸಿಕೊಂಡವರಿಗೆ. ಕೈಕೆಲಸ, ತಾಂತ್ರಿಕ ಕೆಲಸ, ಕ್ಲಾರ್ಕ್ ಕೆಲಸ ಎಲ್ಲ ಇದರಲ್ಲಿ ಬರುತ್ತೆ. ಮ್ಯಾನೇಜರ್ ಬರಲ್ಲ. ಸೂಪರ್‌ವೈಸರ್ ಆಗಿದ್ದರೆ ಪಗಾರದ ಮಿತಿ ಇದೆ: 1947ರ ಹಳೇ ಕಾಯ್ದೆಯಲ್ಲಿ 10,000 ರೂಪಾಯಿ, ಈಗಿನ ಹೊಸ ಸಂಹಿತೆಯಲ್ಲಿ 18,000.

ಇಲ್ಲೊಂದು ಆಟ ನಡೆಯುತ್ತೆ. ತೆಗೆಯೋಕೆ ಒಂದು ವರ್ಷ ಮೊದಲು ನಿಮಗೆ ಬಡ್ತಿ ಬರುತ್ತೆ. ಪಗಾರ ಐನೂರು ಏರುತ್ತೆ, ಹೆಸರು ಮಾತ್ರ ದೊಡ್ಡದಾಗುತ್ತೆ. ನನಗೂ 2021ರಲ್ಲಿ ‘ಎಕ್ಸಿಕ್ಯೂಟಿವ್ – ಅಡ್ಮಿನ್’ ಅಂತ ಪತ್ರ ಕೊಟ್ಟಿದ್ದರು. ಕುಂದಾ ತಂದು ಆಫೀಸಿಗೆಲ್ಲ ಹಂಚಿದ್ದೆ, ನನ್ನ ದಡ್ಡತನ ನೋಡಿ. ಮುಂದೆ ಅದೇ ಪತ್ರ ತೋರಿಸಿ ‘ಇವರು ಕಾರ್ಮಿಕರಲ್ಲ’ ಅಂದರು.

ಅದಕ್ಕೆ ಉತ್ತರ: ಪದವಿಯ ಹೆಸರನ್ನಲ್ಲ, ನಿಜವಾಗಿ ಮಾಡುವ ಕೆಲಸವನ್ನು ನೋಡಬೇಕು. ಕೋರ್ಟುಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ನನ್ನ ಕೈಕೆಳಗೆ ಒಬ್ಬರೂ ಇರಲಿಲ್ಲ. ಯಾರ ರಜೆಗೂ ನಾನು ಮಂಜೂರಿ ಕೊಡುತ್ತಿರಲಿಲ್ಲ. ಮಸ್ಟರ್ ಬರೆಯುತ್ತಿದ್ದೆ, ಅಷ್ಟೇ. ನಿಮ್ಮ ವಿಷಯದಲ್ಲೂ ಇದನ್ನೇ ತೋರಿಸುವ ಕಾಗದ ಹುಡುಕಿ. ನೀವೇ ರಜೆ ಕೇಳಿ ಬರೆದ ಅರ್ಜಿ ಮೇಲೆ ಮೇಲಿನವರ ಸಹಿ ಇದ್ದರೆ ಅದೂ ಒಂದು ಪುರಾವೆ.

ಗಣಪತ ಗಲ್ಲಿ, ಖಡೇಬಜಾರಿನ ಅಂಗಡಿಗಳಲ್ಲಿ ಇರುವವರಿಗೆ ಬೇರೆ ದಾರಿಯೂ ಇದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ, ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಪಗಾರ ಇಲ್ಲದೆ ತೆಗೆಯೋ ಹಾಗಿಲ್ಲ. ‘ನಾಳೆಯಿಂದ ಬರಬ್ಯಾಡ’ ಅಂದರೆ ಮುಗಿಯಲಿಲ್ಲ ಅಂತ ಅರ್ಥ.

ಕಾಗದ ಪತ್ರ

ಇದನ್ನು ನೌಕರಿ ಚೆನ್ನಾಗಿರುವಾಗಲೇ ಮಾಡಿಡಿ. ನೇಮಕಾತಿ ಪತ್ರ, ಪಗಾರ ಚೀಟಿ, ಇಂಕ್ರಿಮೆಂಟ್ ಪತ್ರ, ಐ.ಡಿ. ಕಾರ್ಡಿನ ಎರಡೂ ಬದಿ, ಪಿ.ಎಫ್. ಪಾಸ್‌ಬುಕ್. ಎಲ್ಲದರ ಫೋಟೊ ಮನೆಯವರ ಮೊಬೈಲಿನಲ್ಲೂ ಇರಲಿ. ಕಂಪನಿ ಕೊಟ್ಟ ಮೊಬೈಲಿನಲ್ಲಿ ಮಾತ್ರ ಇಟ್ಟರೆ ಮೊಬೈಲ್ ಹೋದ ದಿನ ಕಾಗದವೂ ಹೋಯ್ತು. ನನ್ನ ಕೈಯಲ್ಲಿ ಎಂಬತ್ತು ಜನರ ಫೈಲ್ ಇತ್ತು. ನನ್ನದನ್ನು ಬಿಟ್ಟು ಒಂದು ಹಾಳೆ ಮುಟ್ಟಲಿಲ್ಲ. ಬೇರೆಯವರ ಪಗಾರ ಶೀಟ್, ಗಿರಾಕಿಗಳ ಪಟ್ಟಿ ಹೊತ್ತು ತಂದರೆ ನೀವೇ ಕಳ್ಳರಾಗುತ್ತೀರಿ.

ಇನ್ನೊಂದು, ಬಹಳ ಜನ ಮರೆಯೋದು: ವಿಳಾಸ. ನಮ್ಮಲ್ಲಿ ಬೈಲಹೊಂಗಲ, ಖಾನಾಪುರ, ಹುಕ್ಕೇರಿ ಕಡೆಯಿಂದ ಬಂದವರು ಜಾಸ್ತಿ. ಸೇರುವಾಗ ಹಳ್ಳಿ ವಿಳಾಸ ಬರೆಸುತ್ತಾರೆ. ಆಮೇಲೆ ಅನಗೋಳ, ವಡಗಾವಿಯಲ್ಲಿ ಬಾಡಿಗೆ ಮನೆ ಮೇಲೆ ಬಾಡಿಗೆ ಮನೆ ಬದಲಿಸುತ್ತಾರೆ. ತೆಗೆಯಬೇಕಾದವರನ್ನು ಗೇಟಿನಲ್ಲಿ ತಡೆಯೋದು, ಆಮೇಲೆ ‘ನೀವು ಹೇಳದೆ ಕೇಳದೆ ಗೈರುಹಾಜರಾಗಿದ್ದೀರಿ, ಮೂರು ದಿನದೊಳಗೆ ಹಾಜರಾಗಿ’ ಅಂತ ಹಳ್ಳಿ ವಿಳಾಸಕ್ಕೆ ಪತ್ರ ಹಾಕೋದು. ಪತ್ರ ವಾಪಸ್ ಬರುತ್ತೆ. ಆ ಮುಚ್ಚಿದ ಕವರನ್ನು ಹಾಗೇ ಫೈಲಿಗೆ ಹಾಕೋದು. ಕಾನೂನಿನ ಮುಂದೆ ಅದು ಪುರಾವೆ. ಅಂಥ ಕವರುಗಳ ಮೇಲೆ ಅಂಚೆ ಚೀಟಿ ಹಚ್ಚಿದವಳು ನಾನೇ. ಇವತ್ತೇ ನಿಮ್ಮ ಈಗಿನ ವಿಳಾಸ ಬರೆದು ಆಫೀಸಿಗೆ ಕೊಡಿ, ನಿಮ್ಮ ಪ್ರತಿಯ ಮೇಲೆ ಸಹಿ ಸಿಕ್ಕಾ ಹಾಕಿಸಿಕೊಳ್ಳಿ.

ಗೇಟ್ ಬಂದ್ ಆದಾಗ

ಶನಿವಾರ ಹೋಗಿ ‘ಸಹಿ ಮಾಡಲ್ರಿ’ ಅಂದೆ. ದಿನವಿಡೀ ಕೆಲಸ ಮಾಡಿದೆ, ಯಾರೂ ಮಾತಾಡಲಿಲ್ಲ. ಸೋಮವಾರ ಬೆಳಿಗ್ಗೆ ವಾಚ್‌ಮನ್ ಕಾಕಾ ಗೇಟಿನ ಸಣ್ಣ ಬಾಗಿಲಿಗೆ ಅಡ್ಡ ನಿಂತರು. ಅವರ ಹೆಸರನ್ನು ಮಸ್ಟರಿನಲ್ಲಿ ಮೊದಲ ಸಲ ಬರೆದದ್ದೂ ನಾನೇ. ಕಣ್ಣು ಮೇಲೆತ್ತದೆ “ಒಳಗ ಬಿಡಬ್ಯಾಡ ಅಂದಾರ್ರೀ ಅಕ್ಕಾ” ಅಂದರು. ಅವರ ಜೊತೆ ವಾದ ಮಾಡಬೇಡಿ. ಅವರದೂ ಹೊಟ್ಟೆಪಾಡು.

ಆದರೆ ಹಾಗೇ ಮನೆಗೆ ಹೋಗಿ ಮಲಗಬೇಡಿ. ಅದೇ ದಿನ ಪತ್ರ ಹೋಗಬೇಕು. ನಾನು ಬರೆದದ್ದು ಇದು:

“ಇವರಿಗೆ, ವ್ಯವಸ್ಥಾಪಕರು. ದಿನಾಂಕ 21-11-2022, ಸೋಮವಾರ ಬೆಳಿಗ್ಗೆ 8.25ಕ್ಕೆ ನಾನು ಎಂದಿನಂತೆ ಕೆಲಸಕ್ಕೆ ಬಂದೆ. ನಿಮ್ಮ ಸೂಚನೆ ಇದೆ ಎಂದು ಹೇಳಿ ಗೇಟಿನಲ್ಲಿ ನನ್ನನ್ನು ತಡೆದರು. ನಾನು ರಾಜೀನಾಮೆ ಕೊಟ್ಟಿಲ್ಲ. ಕೊಡುವ ಉದ್ದೇಶವೂ ಇಲ್ಲ. ಕೆಲಸ ಮಾಡಲು ಸಿದ್ಧಳಿದ್ದೇನೆ. ನನ್ನನ್ನು ಸೇವೆಯಿಂದ ತೆಗೆದಿದ್ದರೆ ಅದರ ಆದೇಶವನ್ನೂ ಕಾರಣವನ್ನೂ ಬರಹದಲ್ಲಿ ಕೊಡಿ.”

ಅಷ್ಟೇ. ಇಪ್ಪತ್ತೆರಡು ವರ್ಷ ದುಡಿದೆ, ಹೆರಿಗೆಯಾಗಿ ಮೂರೇ ತಿಂಗಳಿಗೆ ಕೆಲಸಕ್ಕೆ ಬಂದೆ ಅಂತ ಬರೆಯಲು ಕೈ ಎಳೆಯುತ್ತಿತ್ತು. ಬರೆಯಲಿಲ್ಲ. ಆ ಪತ್ರದ ಕೆಲಸ ಒಂದೇ: ನಾನು ಬಿಟ್ಟಿಲ್ಲ, ನೀವು ತಡೆದಿದ್ದೀರಿ ಅಂತ ತಾರೀಖಿನ ಸಮೇತ ದಾಖಲೆ ಮಾಡೋದು.

ತಿಲಕವಾಡಿ ಪೋಸ್ಟ್ ಆಫೀಸಿಗೆ ಹೋಗಿ ರಿಜಿಸ್ಟರ್ ಎ.ಡಿ. ಮಾಡಿದೆ, ಅಂದರೆ ತಲುಪಿದ್ದಕ್ಕೆ ಸಹಿ ಮಾಡಿದ ಚೀಟಿ ವಾಪಸ್ ಬರೋ ಪೋಸ್ಟು. ಈಗ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿದ್ದಾರೆ. ಕೌಂಟರಿನಲ್ಲಿ ‘ತಲುಪಿದ್ದಕ್ಕೆ ಪುರಾವೆ ಬೇಕು’ ಅಂತ ಬಾಯಿಬಿಟ್ಟು ಹೇಳಿ. ರಸೀದಿಯ ಶಾಯಿ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತೆ. ಅಲ್ಲೇ ನಿಂತು ಫೋಟೊ ತೆಗೆಯಿರಿ. ಇ-ಮೇಲ್ ಇದ್ದರೆ ಅದರಲ್ಲೂ ಕಳಿಸಿ. ಇನ್ನೆರಡು ದಿನ ಅದೇ ಹೊತ್ತಿಗೆ ಗೇಟಿಗೆ ಹೋಗಿ ಬನ್ನಿ. ನಾಚಿಕೆ ಆಗುತ್ತೆ. ಚಹಾ ಗಾಡಿ ಹತ್ತಿರ ನಿಂತ ಹುಡುಗರು ಮುಖ ಆ ಕಡೆ ತಿರುಗಿಸುತ್ತಾರೆ. ಹೋಗಿ ಬನ್ನಿ.

ಕಾರ್ಮಿಕ ಇಲಾಖೆ ಆಫೀಸಿನಲ್ಲಿ

ವಾರದೊಳಗೆ ಅರ್ಜಿ ಕೊಟ್ಟೆ. ಬಿಳಿ ಹಾಳೆ ಮೇಲೆ ಬರೆದರೂ ನಡೆಯುತ್ತೆ. ಸೇರಿದ ತಾರೀಖು, ಮಾಡುತ್ತಿದ್ದ ಕೆಲಸ, ಕೊನೆಯ ಪಗಾರ, ಗೇಟ್ ಬಂದ್ ಆದ ತಾರೀಖು, ನಿಮಗೆ ಬೇಕಾದ್ದು ಏನು. ಮೂರ್ನಾಲ್ಕು ಪ್ರತಿ ಮಾಡಿಸಿ. ಒಬ್ಬರೇ ಹೋಗಬಹುದು, ಯೂನಿಯನ್ ಬೇಕೇ ಬೇಕು ಅಂತಿಲ್ಲ. ಒಬ್ಬರನ್ನೇ ತೆಗೆದರೂ ಅದು ಕೈಗಾರಿಕಾ ವಿವಾದವೇ ಅಂತ ಕಾನೂನು ಹೇಳುತ್ತೆ.

ವಕೀಲರ ಫೀಸಿಗೆ ಹೆದರಿ ಸುಮ್ನೆ ಕೂರುವವರು ಜಾಸ್ತಿ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾಯ್ದೆ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಫೋನ್ ಮಾಡೋದಾದರೆ 15100. ನಾನು ಎರಡು ಸಲ ಹೋದೆ. ಎರಡನೇ ಸಲ ಸಿಕ್ಕ ವಕೀಲೆ ನನ್ನ ಅರ್ಜಿ ಓದಿ, ಒಂದೂವರೆ ಪುಟವನ್ನು ಗೀಟು ಹಾಕಿ ಹೊಡೆದು ಅರ್ಧ ಪುಟಕ್ಕೆ ಇಳಿಸಿದಳು. “ಅಳೋದನ್ನ ತಗದೀನ್ರಿ, ತಾರೀಖ ಇಟ್ಟೀನಿ” ಅಂದಳು.

ಮೊದಲ ತಾರೀಖಿಗೆ ಕಂಪನಿಯವರು ಬರಲಿಲ್ಲ. ಎರಡನೇ ಸಲ ಗುಮಾಸ್ತರೊಬ್ಬರು ಬಂದು ಇನ್ನೊಂದು ತಾರೀಖು ಕೇಳಿದರು. ಮೂರನೇ ಸಲ ಸಾಹೇಬರು ಬಂದರು, ‘ಅವರೇ ಬರೋದು ಬಿಟ್ಟರು’ ಅಂದರು. ನಾನು ಪೋಸ್ಟಿನ ರಸೀದಿ ಇಟ್ಟೆ. ಆಮೇಲೆ ‘ಎಕ್ಸಿಕ್ಯೂಟಿವ್’ ಪತ್ರ ಹೊರಬಂತು. ನನ್ನ ರಜೆ ಅರ್ಜಿಗಳನ್ನು ಇಟ್ಟೆ. 2019ರಲ್ಲಿ ಸೇರಿದ ಹುಡುಗಿಯ ಮಾತು ಬಂದಾಗ ಅಧಿಕಾರಿಯೇ ಅವರ ಕಡೆ ತಿರುಗಿ ‘ಇದಕ್ಕೇನ್ರಿ?’ ಅಂದರು. ಅಲ್ಲಿಂದ ಮಾತು ದುಡ್ಡಿನ ಕಡೆ ಹೊರಳಿತು.

ಒಂದು ವಿಷಯ ತಿಳಿದಿರಲಿ. ಅಲ್ಲಿ ಕೂತವರು ರಾಜಿ ಮಾಡಿಸುವ ಅಧಿಕಾರಿ, ಜಡ್ಜ್ ಅಲ್ಲ. ಕೊಡಿ ಅಂತ ಹುಕುಂ ಮಾಡೋ ಅಧಿಕಾರ ಅವರಿಗಿಲ್ಲ. ರಾಜಿ ಆಗದಿದ್ದರೆ ಮುಂದೆ ಕೋರ್ಟು.

ನನ್ನದು ನಡೆದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಕೆಳಗೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವರ್ಷಕ್ಕೆ 15 ದಿನದ ಪರಿಹಾರ, ಒಂದು ತಿಂಗಳ ನೋಟಿಸ್ ಹಾಗೇ ಉಳಿದಿವೆ. ಹೊಸದಾಗಿ ಸೇರಿದ್ದು: ಛಾಂಟಣಿ ಮಾಡಿದರೆ ಮಾಲಕರು ಇನ್ನೂ 15 ದಿನದ ಪಗಾರವನ್ನು ಮರುಕೌಶಲ ನಿಧಿಗೆ (ಕೆಲಸ ಹೋದವರು ಹೊಸ ಕೆಲಸ ಕಲಿಯಲಿ ಅಂತ ಇರುವ ನಿಧಿ) ಕಟ್ಟಬೇಕು, ಅದು 45 ದಿನದೊಳಗೆ ಕಾರ್ಮಿಕರ ಖಾತೆಗೆ ಬರಬೇಕು. ಬಾಕಿ ಪಗಾರವನ್ನು, ತೆಗೆದರೂ ಬಿಟ್ಟರೂ, ಎರಡು ಕೆಲಸದ ದಿನದೊಳಗೆ ಕೊಡಬೇಕು. ಆದರೆ ವಿವಾದ ಎತ್ತಲು ಮೊದಲು ಮೂರು ವರ್ಷ ಇದ್ದ ಗಡುವು ಈಗ ಎರಡೇ ವರ್ಷ. ನೋಡೋಣ, ಮಾಡೋಣ ಅಂತ ಕೂರುವವರಿಗೆ ಇದು ಹೊಡೆತ.

ಲೆಕ್ಕ

ನನ್ನ ಹಳೇ ಕೆಲಸವೇ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗ್ರಾಚ್ಯುಟಿಗೆ ನನ್ನ ಕಾಲದಲ್ಲಿ ನೋಡುತ್ತಿದ್ದದ್ದು ಮೂಲ ಪಗಾರ ಮತ್ತು ಡಿ.ಎ. (ತುಟ್ಟಿಭತ್ಯೆ) ಮಾತ್ರ. ನನ್ನದು 18,200. ಇದನ್ನು 26ರಿಂದ ಭಾಗಿಸಿ. 700 ಬಂತು. ಅದು ಒಂದು ದಿನದ್ದು. 15ರಿಂದ ಗುಣಿಸಿದರೆ 10,500. ಅದು ಒಂದು ವರ್ಷದ್ದು. ನನ್ನ ಸೇವೆ 22 ವರ್ಷ 7 ತಿಂಗಳು. ಆರು ತಿಂಗಳು ದಾಟಿದರೆ ಪೂರ್ತಿ ವರ್ಷ ಅಂತ ಹಿಡಿಯಬೇಕು. ಹಾಗಾಗಿ 23. ಒಟ್ಟು 2,41,500 ರೂಪಾಯಿ. ಇಲ್ಲಿ ಮೂರು ಮೋಸ ಆಗುತ್ತೆ. 26ರ ಬದಲು 30ರಿಂದ ಭಾಗಿಸುತ್ತಾರೆ. 23ರ ಬದಲು 22 ಬರೆಯುತ್ತಾರೆ. ಡಿ.ಎ. ಬಿಟ್ಟುಬಿಡುತ್ತಾರೆ. ಮೂರನ್ನೂ ನಾನು ಮೇಲಿನವರ ಮಾತು ಕೇಳಿ ಮಾಡಿದ್ದಿದೆ. ಬರೆಯಲು ನಾಚಿಕೆಯಾಗುತ್ತೆ, ಆದರೂ ಬರೆಯುತ್ತಿದ್ದೇನೆ. ಹೊಸ ಸಂಹಿತೆಯಲ್ಲಿ ಅಲೊವನ್ಸುಗಳು ಒಟ್ಟು ಪಗಾರದ ಅರ್ಧ ದಾಟಿದರೆ ದಾಟಿದ್ದನ್ನು ಪಗಾರಕ್ಕೇ ಸೇರಿಸಬೇಕು. ಮೂಲ ಪಗಾರ ತೀರಾ ಕಡಿಮೆ ತೋರಿಸಿದವರಿಗೆ ಇದರಿಂದ ಲಾಭ.

ಛಾಂಟಣಿ ಪರಿಹಾರಕ್ಕೆ ಅಲೊವನ್ಸ್ ಸೇರಿದ ಪಗಾರ ಹಿಡಿದೆವು. ನನ್ನದು 24,000. ಅದರ ಅರ್ಧ 12,000. 23ರಿಂದ ಗುಣಿಸಿದರೆ 2,76,000. ನೋಟಿಸ್ ಪಗಾರ 24,000. ಎರಡೂ ಸೇರಿ ಸರಿಯಾಗಿ ಮೂರು ಲಕ್ಷ. ಆ ‘ವಯಕ್ತಿಕ’ದ ಬೆಲೆ ಇದೇ.

ಗ್ರಾಚ್ಯುಟಿಯನ್ನು 30 ದಿನದೊಳಗೆ ಕೊಡಬೇಕು. ತಡವಾದರೆ ಬಡ್ಡಿ ಕೊಡಬೇಕು. ಅದಕ್ಕೆ ಬೇರೆ ಅರ್ಜಿ, ಬೇರೆ ಅಧಿಕಾರಿ. ನೌಕರಿಯ ಜಗಳ ಮುಗಿಯಲಿ ಅಂತ ಇದನ್ನು ಕಾಯಿಸಬೇಡಿ.

ಕೊನೆಗೆ ಏನಾಯ್ತು? ಗ್ರಾಚ್ಯುಟಿ ಪೂರ್ತಿ ಬಂತು. ನೋಟಿಸ್ ಪಗಾರ, ಉಳಿದ ರಜೆ ದುಡ್ಡು ಬಂತು. ಪರಿಹಾರದಲ್ಲಿ 2,20,000ಕ್ಕೆ ಒಪ್ಪಿಕೊಂಡೆ. 56,000 ಬಿಟ್ಟೆ, ಬಡ್ಡಿಯನ್ನೂ ಬಿಟ್ಟೆ. ಕೋರ್ಟಿಗೆ ಹೋಗಿದ್ದರೆ ಪೂರ್ತಿ ಬರುತ್ತಿತ್ತೇನೋ, ನೌಕರಿಯೂ ವಾಪಸ್ ಬರುತ್ತಿತ್ತೇನೋ. ಆದರೆ ಮಗಳ ಪಿ.ಯು. ಫೀಸು ಜೂನ್‌ನಲ್ಲಿ ಕಟ್ಟಬೇಕಿತ್ತು. ಆ ಟೇಬಲ್ಲಿಗೆ ಮತ್ತೆ ಹೋಗಿ ಕೂರುವ ಮನಸ್ಸೂ ಇರಲಿಲ್ಲ. ನಿಮಗೆ ಇನ್ನೂ ಹದಿನೈದು ಇಪ್ಪತ್ತು ವರ್ಷದ ಸೇವೆ ಉಳಿದಿದ್ದರೆ, ಮನೆಯಲ್ಲಿ ಇನ್ನೊಂದು ದುಡಿಮೆ ಇದ್ದರೆ, ನನ್ನ ಹಾಗೆ ಬೇಗ ಒಪ್ಪಬೇಡಿ.

ಕೊನೆಯ ಸಹಿ

ದುಡ್ಡು ತೆಗೆದುಕೊಳ್ಳುವ ದಿನವೂ ಹುಷಾರು. ಖಾಲಿ ಹಾಳೆ, ಖಾಲಿ ಸ್ಟ್ಯಾಂಪ್ ಪೇಪರ್ ಇದ್ದರೆ ಮುಟ್ಟಲೇಬೇಡಿ. ವೋಚರಿನಲ್ಲಿ ಪ್ರತಿ ಬಾಬ್ತಿನ ಮುಂದೆ ಬೇರೆ ಬೇರೆ ಮೊತ್ತ ಇರಬೇಕು. ‘ಎಲ್ಲ ಸೇರಿ ಇಷ್ಟು’ ಅಂತ ಒಂದೇ ಸಾಲಿದ್ದರೆ ಬಿಡಿಸಿ ಬರೆಸಿ. ರಾಜಿ ಆಗದೆ ಬರೀ ಚೆಕ್ ಕೊಡುತ್ತಿದ್ದರೆ, ‘ನನ್ನ ಉಳಿದ ಹಕ್ಕುಗಳನ್ನು ಕಾಯ್ದಿರಿಸಿ, ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಅಂತ ನಿಮ್ಮ ಕೈಯಾರೆ ಬರೆದು ಅದರ ಕೆಳಗೆ ಸಹಿ ಮಾಡಿ. ರಾಜಿ ಆಗಿದ್ದರೆ ಒಪ್ಪಂದವನ್ನು ಅಧಿಕಾರಿಯ ಮುಂದೆಯೇ ಮಾಡಿ. ಹೊರಗೆ ಚಹಾ ಅಂಗಡಿಯಲ್ಲಿ ಮಾಡಿದ ರಾಜಿಗೆ ಆ ಬಲ ಇಲ್ಲ.

ಪಿ.ಎಫ್. ಪೂರ್ತಿ ಬಿಡಿಸಿಕೊಳ್ಳಲು ಓಡಬೇಡಿ. ಹತ್ತು ವರ್ಷ ಸೇವೆ ಆಗಿದ್ದರೆ 58ಕ್ಕೆ ಪಿಂಚಣಿ ಇದೆ. ನಿಮ್ಮ ಪಿಂಚಣಿ ಸೇವೆಯನ್ನು ದಾಖಲಿಸುವ ಸ್ಕೀಮ್ ಸರ್ಟಿಫಿಕೇಟ್ ಮಾಡಿಸಿಡಿ. ಕಂಪನಿಯವರು ನೌಕರಿ ಬಿಟ್ಟ ತಾರೀಖು ಹಾಕದೆ ಸತಾಯಿಸಿದರೆ, ಕೊನೆಯ ಕಂತು ಜಮಾ ಆಗಿ ಎರಡು ತಿಂಗಳಾದ ಮೇಲೆ ನೀವೇ ಪಿ.ಎಫ್.ನವರ ಯು.ಎ.ಎನ್. ಪೋರ್ಟಲಿನಲ್ಲಿ ಹಾಕಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲೂ ಇರಬೇಕು. ಇ.ಎಸ್.ಐ. (ಕಾರ್ಮಿಕರ ಆರೋಗ್ಯ ವಿಮೆ) ಇದ್ದವರ ಕಾರ್ಡು ನೌಕರಿ ಹೋದ ದಿನವೇ ಸಾಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಂತು ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಸವಲತ್ತು ಬರುತ್ತೆ. ಬಾಕಿ ಇರುವ ಔಷಧ, ತಪಾಸಣೆ ಆ ಅವಧಿಯಲ್ಲೇ ಮುಗಿಸಿಕೊಳ್ಳಿ.

ನಿಮ್ಮ ಸ್ವಂತ ಸಾಮಾನಿನ ಪಟ್ಟಿಯನ್ನೂ ಒಪ್ಪಂದದಲ್ಲಿ ಬರೆಸಿ. ನಾನು ಕುರ್ಚಿ ಮೇಲಿನ ದಿಂಬು, ಸ್ಟೀಲಿನ ಊಟದ ಡಬ್ಬಿ, ಒಂದು ಕೊಡೆ ಬರೆಸಿದ್ದೆ. ಮೂರೂ ಬಂದವು. ಮೇಜಿನ ಎಡಗಡೆ ಡ್ರಾವರಿನಲ್ಲಿ ನಮ್ಮವ್ವನ ಕತ್ತರಿ ಇತ್ತು, ಹಿಡಿಗೆ ಕೆಂಪು ದಾರ ಸುತ್ತಿದ್ದು. ಅದನ್ನು ಬರೆಸಲು ಮರೆತೆ. ಅದಿನ್ನೂ ಅಲ್ಲೇ ಇದೆ.